ನಮ್ ಕಡಿಯಿಂದ ಹಿಮಾಲಯಕ್ಕ ಹೊಂಟೋರು ಹಿಮಕುಸಿತದಿಂದ ದೂರ ಇರೋದು ಹೆಂಗ

ಕೊಪ್ಪಳ, ಗಂಗಾವತಿ, ಬಳ್ಳಾರಿ, ರಾಯಚೂರು ಕಡಿಯಿಂದ ಈಗ ಹಿಮಾಲಯಕ್ಕ ಟ್ರೆಕ್ಕಿಂಗ್ ಹೋಗೋರು ಬಾಳ ಆಗ್ಯಾರ. ರಾಯಚೂರಾಗ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ದಿಲ್ಲಿ, ಅಲ್ಲಿಂದ ರಾತ್ರಿ ಬಸ್ಸಿಗೆ ಕುಂತ್ರ ಮುಂಜಾನಿಗೆ ಗುಡ್ಡದ ಬುಡದಾಗ ಇರ್ತೀವಿ. ಕೇದಾರಕಂಠ, ಬ್ರಹ್ಮತಾಲ್, ಸಾರ್ ಪಾಸ್, ಹಂಪ್ತಾ ಪಾಸ್ ಅಂತ ಕಾಲೇಜ್ ಹುಡುಗ್ರು ಹೊಂಟ್ರ, ಮನಿ ಹಿರೇರು ಕೇದಾರನಾಥಕ್ಕ ಹೊಂಡ್ತಾರ, ಪಂಚಪೀಠದಾಗ ಕೇದಾರವೂ ಒಂದು, ಉಜ್ಜಿನಿ ಪೀಠಕ್ಕ ನಡ್ಕೊಳ್ಳೋ ಮನಿತನದೋರಿಗೆ ಅದು ಒಂದ್ಸಲ ನೋಡ್ಲೇಬೇಕಾದ ಜಾಗ. ಇಷ್ಟೆಲ್ಲ ಹೋದ್ರೂ ನಮಗ ಹಿಮದ ಪರಿಚಯ ಇಲ್ಲ. ಮಳಿ ಮೋಡ ನೋಡಿ ಇವತ್ತು ಬರ್ತೈತೋ ಇಲ್ಲೋ ಅಂತ ಹೇಳೋ ನಮ್ಮ ಕಣ್ಣು ಹಿಮದ ಮುಂದ ಕೆಲಸ ಮಾಡಂಗಿಲ್ಲ, ಅಲ್ಲಿ ಅಪಾಯ ಇರೋ ಜಾಗನ ಎಲ್ಲಕ್ಕಿಂತ ಚೆಂದ ಕಾಣ್ತೈತಿ.

ಅದಕ್ಕ ಈ ಲೇಖನ ಬರೀತಿರೋದು. ಹಿಮದ ಪದರ ಓದೋದು ವರ್ಷಗಟ್ಟಲೆ ಗುಡ್ಡದಾಗ ಇದ್ದು ಕಲಿಯೋ ವಿದ್ಯೆ, ಒಂದು ವಾರ ಹೋಗಿ ಬರೋರಿಗೆ ಅದು ಬರಂಗಿಲ್ಲ, ಬಂದೈತಿ ಅಂತ ಅನ್ಕೊಳ್ಳೋದೂ ತಪ್ಪು. ಆದ್ರ ಇಳಿಜಾರು ಎಷ್ಟು ಕಡಿದೈತಿ ಅಂತ ಅಳಿಯೋದು ಯಾರಿಗೂ ಬರ್ತೈತಿ, ಅದನ್ನ ಬಳ್ಳಾರಿಯಾಗ ಕುಂತೇ ಕಲೀಬಹುದು. ಹಿಮ ಗಟ್ಟಿ ಐತೋ ಇಲ್ಲೋ ಅಂತ ಊಹೆ ಮಾಡೋದು ಬಿಡ್ರಿ, ಇಳಿಜಾರು ಅಳೀರಿ, ಜಾಗ ಆರಿಸ್ಕೊಳ್ರಿ. ನಾನು ಹೇಳೋದೆಲ್ಲ ಇದರ ಸುತ್ತನ ಐತಿ.

ಮೊದ್ಲು ಹಿಮ ಯಾಕ ಜಾರ್ತೈತಿ ಅಂತ ತಿಳ್ಕೊಳ್ರಿ

ಬಾಳ ಮಂದಿ ಅನ್ಕೊಂಡಿರೋದು ಏನಂದ್ರ ಮ್ಯಾಲಿಂದ ಒಂದು ಹಿಮದ ಉಂಡಿ ಉರುಳ್ಕೊಂತ ಬರ್ತೈತಿ, ಅದು ದೊಡ್ಡದಾಕ್ಕೊಂತ ಹೊಕ್ಕೈತಿ, ಅಥವಾ ಜೋರಾಗಿ ಕೂಗಿದ್ರ ಬೀಳ್ತೈತಿ ಅಂತ. ಕೂಗಿದ್ರ ಏನೂ ಬೀಳಂಗಿಲ್ಲ. ಮಂದಿ ಜೀವ ತಗೊಳ್ಳೋ ಹಿಮಕುಸಿತ ಹೆಚ್ಚಾಗಿ ಸ್ಲ್ಯಾಬ್ ಜಾತಿದು. ಒಂದು ಹಲಗಿ ಮ್ಯಾಲೆ ಜೋಳ ಹರವಿ, ಅದರ ಮ್ಯಾಲ ಒಂದು ಪರಸಿ ಕಲ್ಲು ಇಟ್ಟು ಹಲಗಿ ಸ್ವಲ್ಪ ಸ್ವಲ್ಪ ಎತ್ತಿಕೊಂತ ಹೋಗ್ರಿ, ಒಂದು ಹಂತಕ್ಕ ಬಂದಾಗ ಕಲ್ಲು ಇಡೀದಕ್ಕ ಇಡೀ ಸರ್ ಅಂತ ಜಾರ್ತೈತಿ. ಹಿಮದಾಗೂ ಇದೇ ಲೆಕ್ಕ. ಮ್ಯಾಲೆ ಗಾಳಿಗೆ, ಭಾರಕ್ಕ ಒತ್ತಿ ಗಟ್ಟಿ ಆದ ಪದರ, ಅದರ ಕೆಳಗ ಒಂದಕ್ಕೊಂದು ಅಂಟದ ಹರಳು ಹರಳಾದ ಸಡ್ಲ ಪದರ, ಅದಕ್ಕೂ ಕೆಳಗ ಹಳೇ ಗಟ್ಟಿ ಹಿಮನೋ ಹುಲ್ಲೋ ಬಂಡಿನೋ. ಆ ನಡುವಿನ ಸಡ್ಲ ಪದರ ಮುರಿದ್ರ ಮ್ಯಾಲಿಂದು ಒಮ್ಮೆಲೆ ಸೀಳಿ ಇಳೀತೈತಿ, ಸೀಳು ಬಿಡೋ ಗೆರಿ ಹೆಚ್ಚಾಗಿ ನೀವು ನಿಂತ ಜಾಗಕ್ಕಿಂತ ಮ್ಯಾಲ ಇರ್ತೈತಿ, ಹಿಂಗಾಗಿ ನೀವು ಅದರ ಮ್ಯಾಲೇ ನಿಂತಿರ್ತೀರಿ, ಓಡಾಕ ಜಾಗ ಇರಲ್ಲ. ಕೆಲವೇ ಸೆಕೆಂಡಿನ್ಯಾಗ ಗಂಟೆಗೆ ನೂರು ಕಿಲೋಮೀಟರ್ ವೇಗ ತಗೋತೈತಿ.

ಇನ್ನೊಂದು ಮಾತು, ಇದನ್ನ ಮನಸ್ಸಿನ್ಯಾಗ ಬರ್ಕೊಳ್ರಿ: ಮಂದಿ ಸಿಕ್ಕಿಹಾಕ್ಕೊಳ್ಳೋ ಸ್ಲ್ಯಾಬ್ ಕುಸಿತದಾಗ ಹತ್ರಾಗ ಒಂಬತ್ತರಷ್ಟು ಅವ್ರೇ ಅಥವಾ ಅವ್ರ ಜೋಡಿ ಇದ್ದೋರೇ ಕಾಲಿಟ್ಟು ಬೀಳಿಸಿದ್ದು. ಅಂದ್ರ ಇದು ಆಕಾಶದಿಂದ ಬಂದು ಬೀಳೋ ಗಂಡಾಂತರ ಅಲ್ಲ, ನಾವು ಎಲ್ಲಿ ಕಾಲಿಡ್ತೀವಿ ಅನ್ನೋದರ ಮ್ಯಾಲ ನಿಂತೈತಿ. ಇದೇ ನಮಗ ಇರೋ ದೊಡ್ಡ ಆಸರ.

ಆ ಸಡ್ಲ ಪದರ ಎಲ್ಲಿಂದ ಬಂತು ಅಂದ್ರ, ಹಿಮ ತೆಳ್ಳಗ ಬಿದ್ದು ಮ್ಯಾಲೆ ಬಾಳ ದಿನ ಕೊರಿಯೋ ಚಳಿ ಇದ್ರ, ನೆಲದ ಹತ್ರ ಸೊನ್ನೆ ಡಿಗ್ರಿ ಆಸುಪಾಸು, ಮ್ಯಾಲೆ ಮೈನಸ್ ಹದಿನೈದು ಇಪ್ಪತ್ತು, ಈ ಎರಡರ ನಡುವಿನ ಎಳೆದಾಟದಾಗ ಹಿಮದ ಕಣ ತಮ್ಮ ಆಕಾರ ಬದಲಾಯಿಸಿ ಹರಳಾಗ್ತಾವ, ಮುಷ್ಟಿಯಾಗ ಹಿಡಿದು ಒತ್ತಿದ್ರೂ ಉಂಡಿ ಆಗಂಗಿಲ್ಲ. ಲಡಾಖ್, ಕಾರಕೋರಂ ಕಡಿ ಹಿಮ ಕಡಿಮಿ ಚಳಿ ಜಾಸ್ತಿ, ಅಲ್ಲಿ ಈ ಜಾತಿ ಪದರ ಬಾಳ. ಮನಾಲಿ, ಗುಲ್ಮಾರ್ಗ್ ಇರೋ ಪೀರ್ ಪಂಜಾಲ್ ಕಡಿ ಹಿಮ ಬಾಳ ಬೀಳ್ತೈತಿ, ಚಳಿ ಅಷ್ಟಿಲ್ಲ, ಅಲ್ಲಿ ಹೊಸ ಹಿಮದ ಭಾರನ ದೊಡ್ಡ ಕಾರಣ. "ಹಿಮ ಕಡಿಮಿ ಐತಿ, ಹಂಗಾರ ಅಪಾಯನೂ ಕಡಿಮಿ" ಅನ್ನೋ ಲೆಕ್ಕ ಇಲ್ಲಿ ನಡೆಯಂಗಿಲ್ಲ.

ಮನಿಯಾಗ ಕುಂತು ಮಾಡೋ ಕೆಲಸ

ಬುಕ್ ಮಾಡೋಕ್ಕಿಂತ ಮೊದ್ಲು ದಾರಿ ನೋಡ್ರಿ. ಫೋಟೋ ಅಲ್ಲ, ನಕ್ಷೆ. ಈಗ ಮೊಬೈಲ್ ನಕ್ಷೆ ಆ್ಯಪ್‌ನ್ಯಾಗ ಇಳಿಜಾರಿಗೆ ತಕ್ಕಂಗ ಬಣ್ಣ ತೋರಿಸೋ ಲೇಯರ್ ಸಿಗ್ತೈತಿ, 30 ಡಿಗ್ರಿಗಿಂತ ಜಾಸ್ತಿ ಇರೋ ಜಾಗ ಬ್ಯಾರೆ ಬಣ್ಣದಾಗ ಕಾಣ್ತೈತಿ. ಅದು ಪೂರ್ತಿ ನಂಬೋವಂಥದ್ದಲ್ಲ, ಸಣ್ಣ ಸಣ್ಣ ಕಡಿದಾದ ಜಾಗ ಅದರಾಗ ಕಾಣಂಗಿಲ್ಲ, ಆದ್ರೂ ದಾರಿ ಯಾವ ಕಡಿದಾದ ಗೋಡಿ ಕೆಳಗ ಹಾದು ಹೊಕ್ಕೈತಿ ಅಂತ ಒಂದು ಅಂದಾಜು ಸಿಗ್ತೈತಿ. ಎಲ್ಲಿ ದಾರಿ ಬಣ್ಣ ಇರೋ ಜಾಗ ದಾಟ್ತೈತೋ, ಎಲ್ಲಿ ಅದರ ಬುಡದಾಗ ಹೊಕ್ಕೈತೋ, ಅಲ್ಲಿ ಗುರುತು ಹಾಕ್ಕೊಳ್ರಿ. ಎರಡನೇದು ಬಾಳ ಮಂದಿ ಮರೀತಾರ. ನೀವು ನಡಿಯೋ ಜಾಗ ಬಯಲಿನಂಗ ಸಮ ಇರಬಹುದು, ಮ್ಯಾಲೆ ನಿಂತ ಗುಡ್ಡದಿಂದ ಜಾರಿದ ಹಿಮ ಆ ಸಮ ಜಾಗಕ್ಕ ಬಂದು ನಿಲ್ತೈತಿ.

2025ರ ಫೆಬ್ರವರಿ 28ರಂದು ಬದರಿನಾಥ ಹತ್ರದ ಮಾನಾ ಊರಿನ ಬಾಜು ರಸ್ತೆ ಕೆಲಸದೋರ ಕ್ಯಾಂಪ್ ಮ್ಯಾಲೆ ಹಿಂಗೇ ಹಿಮ ಬಂತು, 54 ಮಂದಿ ಸಿಕ್ಕಿಹಾಕ್ಕೊಂಡ್ರು, 46 ಮಂದಿನ ಉಳಿಸಿದ್ರು, 8 ಮಂದಿ ಹೋದ್ರು. ಅವ್ರು ಯಾರೂ ಶಿಖರ ಏರಾಕ ಹೋದೋರಲ್ಲ, ಕೂಲಿ ಮಾಡಿ ತಮ್ಮ ಕಂಟೇನರ್‌ನ್ಯಾಗ ಮಲಗಿದ್ದೋರು. ಅದಕ್ಕ ಟೆಂಟ್ ಎಲ್ಲಿ ಹಾಕ್ತಾರ ಅನ್ನೋದೂ ಕೇಳಬೇಕಾದ ಪ್ರಶ್ನೆ.

ಟ್ರೆಕ್ ಕರ್ಕೊಂಡು ಹೋಗೋರಿಗೆ ಫೋನ್ ಹಚ್ಚಿ ಕೇಳ್ರಿ, ನಾಚ್ಕೋಬ್ಯಾಡ್ರಿ. ಗೈಡ್ ಯಾರು, ಅವ್ರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಸಂಸ್ಥೆ, ಮನಾಲಿ ಸಂಸ್ಥೆ ಇಂಥಲ್ಲಿ ಕೋರ್ಸ್ ಮಾಡ್ಯಾರೋ ಇಲ್ಲೋ. ಹೊಸ ಹಿಮ ಬಿದ್ರ ನಿಮ್ಮ ಪ್ಲಾನ್ ಏನು, ಎಲ್ಲಿಂದ ಹಿಂದಕ್ಕ ತಿರುಗ್ತೀರಿ, ವಾಪಸ್ ಬಂದ್ರ ರೊಕ್ಕದ ಕಥಿ ಏನು. ಈ ಕೊನೇದು ಸಣ್ಣದು ಅನಿಸ್ತೈತಿ, ಆದ್ರ ರೊಕ್ಕ ಕೊಟ್ಟೀವಿ, ರಜಾ ಹಾಕೀವಿ ಅನ್ನೋ ಮಾತೇ ಗುಡ್ಡದಾಗ ಮಂದಿನ ಮುಂದಕ್ಕ ತಳ್ಳೋದು. "ನಾವು ಇಪ್ಪತ್ತು ವರ್ಷದಿಂದ ಕರ್ಕೊಂಡು ಹೋಗ್ತೀವಿ, ಏನೂ ಆಗಿಲ್ಲ" ಅಂತ ಯಾರಾದ್ರೂ ಅಂದ್ರ ಅದು ಉತ್ತರ ಅಲ್ಲ, ಫೋನ್ ಇಟ್ಟು ಬ್ಯಾರೇರನ್ನ ಕೇಳ್ರಿ.

ಹವಾಮಾನ ಮತ್ತ ಎಚ್ಚರಿಕಿ

ಚಳಿಗಾಲದಾಗ ಹಿಮಾಲಯಕ್ಕ ಹಿಮ ತರೋದು ಪಶ್ಚಿಮದ ಕಡಿಯಿಂದ ಬರೋ ವೆಸ್ಟರ್ನ್ ಡಿಸ್ಟರ್ಬನ್ಸ್ ಅನ್ನೋ ಮಳಿ-ಹಿಮದ ಮಾರುತ. ಹವಾಮಾನ ಇಲಾಖೆಯೋರು ಇದನ್ನ ಕೆಲವು ದಿನ ಮುಂಚೇನೇ ಹೇಳ್ತಾರ, ಹೊರಡೋ ವಾರ ದಿನಾ ನೋಡ್ರಿ. ಹಿಮಕುಸಿತದ ಎಚ್ಚರಿಕಿ ಕೊಡೋದು ಚಂಡೀಗಢದಾಗ ಇರೋ ಡಿಆರ್‌ಡಿಓದ ಡಿಜಿಆರ್‌ಇ ಅನ್ನೋ ಸಂಸ್ಥೆ, ಮೊದ್ಲು ಮನಾಲಿಯಾಗ ಸಾಸೆ ಅನ್ನೋ ಹಿಮಕುಸಿತ ಅಧ್ಯಯನ ಸಂಸ್ಥೆ ಇತ್ತು, ಅದನ್ನ 2020ರಾಗ ಇನ್ನೊಂದು ಲ್ಯಾಬ್ ಜೋಡಿ ಸೇರಿಸಿ ಇದನ್ನ ಮಾಡಿದ್ರು. ಅವ್ರ ಎಚ್ಚರಿಕಿ ಜಿಲ್ಲೆ ಹೆಸರು, ಎಷ್ಟು ಮೀಟರ್ ಎತ್ತರದ ಮ್ಯಾಲೆ, ಮುಂದಿನ 24 ತಾಸು ಅಂತ ಬರ್ತೈತಿ, ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರದೋರು ಅದನ್ನ ಹಂಚ್ತಾರ. ಜಗತ್ತಿನ ಬಾಳ ಕಡಿ ಅಪಾಯದ ಮಟ್ಟ 1ರಿಂದ 5ರ ತನಕ ಇರ್ತೈತಿ. 3 ಅಂದ್ರ ಐದರಾಗ ಮೂರು, ನಡುವಿಂದು, ನಡೀತೈತಿ ಅನ್ಕೋಬ್ಯಾಡ್ರಿ, ಪ್ರತಿ ಮಟ್ಟಕ್ಕೂ ಅಪಾಯ ಎಷ್ಟೋ ಪಟ್ಟು ಏರ್ತೈತಿ, ಮಂದಿ ಹೆಚ್ಚಾಗಿ ಸಾಯೋದೂ 3ರಾಗನ, ಯಾಕಂದ್ರ 4, 5 ಇದ್ದಾಗ ಹೆದರಿ ಬಾಳ ಮಂದಿ ಹೋಗಂಗಿಲ್ಲ.

ಹೊಸ ಹಿಮ 24 ತಾಸಿನ್ಯಾಗ ಒಂದು ಅಡಿ, ಅಂದ್ರ 30 ಸೆಂಟಿಮೀಟರ್ ಆಸುಪಾಸು ಬಿದ್ರ ಕಡಿದಾದ ಇಳಿಜಾರಿನ ಹತ್ರ ಹೋಗಬಾರದು ಅಂತ ಗಟ್ಟಿ ಮಾಡ್ಕೊಳ್ರಿ. ಗಾಳಿ ಜೋಡಿಗಿದ್ರ ಅದಕ್ಕಿಂತ ಕಡಿಮಿ ಹಿಮನೂ ಸಾಕು. ಬಿರುಗಾಳಿ ನಿಂತು ಮರುದಿನ ಬಿಸಿಲು ಬಿದ್ದು ಆಕಾಶ ನೀಲಿ ಆದಾಗ ಮಂದಿ ಕುಣಕೊಂತ ಹೊರಗ ಬರ್ತಾರ, ಆ ಮೊದಲನೇ ಬಿಸಿಲಿನ ದಿನನ ಬಾಳ ಕೆಟ್ಟದ್ದು. ಒಂದೆರಡು ದಿನ ಕಾಯ್ರಿ. ರಜಾ ಲೆಕ್ಕ ಹಾಕೋವಾಗ್ಲೇ ಎರಡು ದಿನ ಕೈಯಾಗ ಇಟ್ಕೊಂಡು ಹೊರಟ್ರ ಈ ಕಾಯೋದು ಭಾರ ಅನಿಸಂಗಿಲ್ಲ.

ಮೇ ಜೂನ್ ಅಂದ್ರ ಬ್ಯಾಸಿಗಿ, ಏನೂ ಆಗಲ್ಲ ಅನ್ನೋರೂ ಅದಾರ. 2024ರ ಜೂನ್‌ನ್ಯಾಗ ಉತ್ತರಾಖಂಡದ ಸಹಸ್ರತಾಲ್ ದಾರಿಯಾಗ ಕರ್ನಾಟಕದೋರೇ ಹೆಚ್ಚಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕು 9 ಮಂದಿ ತೀರ್ಕೊಂಡ್ರು. ಅದು ಹಿಮಕುಸಿತ ಅಲ್ಲ, ಚಳಿ ಗಾಳಿ ಕೊಂದಿದ್ದು. ಆದ್ರ ನಮ್ಮಲ್ಲಿ ಸೆಕಿಗೆ ನಿದ್ದಿ ಬರದ ತಿಂಗಳಿನ್ಯಾಗ ಅಲ್ಲಿ ಏನು ಆಗಬಹುದು ಅನ್ನೋದು ಅದರಿಂದ ತಿಳೀತೈತಿ.

ಇಳಿಜಾರು ಅಳಿಯೋದು

ಇದಕ್ಕ ಸ್ವಲ್ಪ ಸಮಯ ಕೊಡ್ರಿ. ಸ್ಲ್ಯಾಬ್ ಜಾರೋದು ಹೆಚ್ಚಾಗಿ 30ರಿಂದ 45 ಡಿಗ್ರಿ ನಡುವ, ಅದರಾಗೂ 35ರಿಂದ 40 ಬಾಳ ಅಪಾಯದ್ದು. 30ಕ್ಕಿಂತ ಕಡಿಮಿ ಇದ್ರ ಅಲ್ಲಿಂದ ಹಿಮ ಹೊರಡೋದು ಅಪರೂಪ. 50, 55 ದಾಟಿದ್ರ ಹಿಮ ಬಿದ್ದಂಗ ಸ್ವಲ್ಪ ಸ್ವಲ್ಪ ಉದುರ್ಕೊಂತ ಹೊಕ್ಕೈತಿ, ದಪ್ಪ ಪದರ ಕಟ್ಟೋದು ಕಡಿಮಿ. ತೊಂದ್ರಿ ಏನಂದ್ರ ಬರಿಗಣ್ಣಿಗೆ 28 ಯಾವ್ದು 36 ಯಾವ್ದು ಅಂತ ಗೊತ್ತಾಗಂಗಿಲ್ಲ, ಬೆಳ್ಳನೆ ಹಿಮದಾಗ ಅಂತೂ ಎತ್ತರ ತಗ್ಗು ಒಂದೂ ಕಾಣಂಗಿಲ್ಲ. ಕೆಳಗಿಂದ ನೋಡಿದ್ರ ಒಂದು ಥರ, ಮ್ಯಾಲಿಂದ ನೋಡಿದ್ರ ಇನ್ನೊಂದು ಥರ.

ಅದಕ್ಕ ಇಲ್ಲೇ ಕಣ್ಣು ತಯಾರು ಮಾಡ್ಕೊಳ್ರಿ. ಮೊಬೈಲ್‌ನ್ಯಾಗ ಕ್ಲಿನೋಮೀಟರ್ ಅನ್ನೋ ಇಳಿಜಾರು ಅಳಿಯೋ ಆ್ಯಪ್ ಹಾಕ್ಕೊಂಡು ಮೊದ್ಲು ನಿಮ್ಮ ಮನಿ ಮೆಟ್ಟಿಲಿನ ಅಂಚಿಗೆ ಒಂದು ಉದ್ದ ಕೋಲು ಇಟ್ಟು ಅದರ ಮ್ಯಾಲೆ ಫೋನ್ ಇಟ್ಟು ನೋಡ್ರಿ, ಬಾಳ ಮನಿಯಾಗ 30ರ ಆಸುಪಾಸು ತೋರಿಸ್ತೈತಿ. ಅಷ್ಟೇನಾ ಅನಿಸ್ತೈತಿ, ಅದೇ ಇಳಿಜಾರು ಹಿಮ ಹೊತ್ಕೊಂಡು ನಿಂತ್ರ ಸಾಕು. ಆಮ್ಯಾಲ ಭಾನುವಾರ ಬಳ್ಳಾರಿ ಗುಡ್ಡಕ್ಕೋ, ಆನೆಗೊಂದಿ ಬಂಡಿಗಳ ಕಡಿಗೋ, ಸಂಡೂರು ಗುಡ್ಡಕ್ಕೋ ಹೋಗ್ರಿ. ಒಬ್ರು ಮೊದ್ಲು ಬಾಯಿಂದ ಅಂದಾಜು ಹೇಳ್ಬೇಕು, ಇನ್ನೊಬ್ರು ಆಮ್ಯಾಲ ಅಳೀಬೇಕು. ಹಿಂಗ ಕೆಲವು ವಾರ ಮಾಡಿದ್ರ ಅಂದಾಜು ಹತ್ರ ಹತ್ರ ಬರಾಕ ಹತ್ತೈತಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಕಾಲು ಗಟ್ಟಿ ಮಾಡ್ಕೊಳ್ಳೋರು ಬಾಳ ಅದಾರ, ಅದು ಒಳ್ಳೇದೇ, ಜೋಡಿಗೆ ಈ ಅಳತಿನೂ ಮಾಡ್ರಿ.

ಗುಡ್ಡದಾಗ ಚಳಿಗೆ ಫೋನ್ ಆಫ್ ಆಕ್ಕೈತಿ, ಆವಾಗ ಎರಡು ಟ್ರೆಕ್ಕಿಂಗ್ ಕೋಲು ಸಾಕು, ಎರಡೂ ಒಂದೇ ಉದ್ದ ಇರ್ಬೇಕು. ಒಂದನ್ನ ಇಳಿಜಾರಿನ ಗುಂಟ ಮ್ಯಾಲಿಂದ ಕೆಳಗ ಹಿಮದ ಮ್ಯಾಲೆ ಮಲಗಿಸಿ ಒತ್ರಿ, ಎರಡೂ ತುದಿ ಗುರುತು ಮೂಡ್ತಾವ. ಈಗ ಆ ಕೋಲಿನ ಮ್ಯಾಲಿನ ತುದಿ ಗುರುತಿನ್ಯಾಗೇ ಊರಿರಲಿ, ಕೆಳಗಿನ ತುದಿ ಎತ್ರಿ, ಎತ್ತಿದ ತುದಿಯಿಂದ ಎರಡನೇ ಕೋಲನ್ನ ನೇರ ತೂಗುಗುಂಡಿನಂಗ ಇಳಿಬಿಡ್ರಿ, ಅದರ ತುದಿ ಹಿಮ ಮುಟ್ಟೋ ತನಕ ಮ್ಯಾಲೆ ಕೆಳಗ ಸರಿ ಮಾಡ್ಕೊಳ್ರಿ. ಕೆಳಗಿನ ಗುರುತಿಗೆ ಸರಿಯಾಗಿ ಮುಟ್ಟಿದ್ರ 30 ಡಿಗ್ರಿ. ಗುರುತಿಗಿಂತ ಕೆಳಗ ಮುಟ್ಟಿದ್ರ 30ಕ್ಕಿಂತ ಜಾಸ್ತಿ, ವಾಪಸ್ ಬರ್ರಿ. ಮ್ಯಾಲೆ ಮುಟ್ಟಿದ್ರ ಕಡಿಮಿ. ಇದನ್ನ ಅಳಿಯೋದು ಸಣ್ಣ ಸೇಫ್ ಜಾಗದಾಗ, ಅದೇ ಥರ ಇಳಿಜಾರು ಇರೋ ಕಡಿ, ಅನುಮಾನ ಇರೋ ದೊಡ್ಡ ಇಳಿಜಾರಿನ ನಡುವ ಹೋಗಿ ಅಳ್ಕೊಂತ ನಿಂದ್ರಬ್ಯಾಡ್ರಿ.

ದಾರಿಯಾಗ ಏನು ನೋಡ್ಬೇಕು

ಮೊದಲನೇ ಗುರುತು, ಹೊಸದಾಗಿ ಬಿದ್ದ ಹಿಮಕುಸಿತ. ಎದುರಿನ ಗುಡ್ಡದಾಗ ಗೆರಿ ಕೊರ್ದಂಗ ಸೀಳು, ಕೆಳಗ ಗಡ್ಡಿ ಗಡ್ಡಿ ಹಿಮದ ರಾಶಿ ಕಂಡ್ರ, ಅದೇ ದಿಕ್ಕಿಗೆ ಮುಖ ಮಾಡಿದ ಅದೇ ಎತ್ತರದ ಇಳಿಜಾರು ಎಲ್ಲಾನೂ ಹಂಗೇ ಕಾಯ್ಕೊಂಡು ಕುಂತಾವ ಅಂತ ತಿಳೀರಿ. ಎರಡನೇದು ಸಪ್ಪಳ. ನಡಿಯೋವಾಗ ಕಾಲ ಕೆಳಗ "ಧುಪ್" ಅಂತ ಇಡೀ ನೆಲನ ಕುಸಿದಂಗ ಸದ್ದು ಬಂದ್ರ ಆ ಸಡ್ಲ ಪದರ ಮುರಿದೈತಿ ಅಂತ ಅರ್ಥ, ನೀವು ಸಮ ಜಾಗದಾಗ ಇದ್ದದ್ದಕ್ಕ ಉಳಿದೀರಿ ಅಷ್ಟೇ. ಮೂರನೇದು, ಹೆಜ್ಜಿ ಇಟ್ಟಲ್ಲಿಂದ ಬಿರುಕು ಸರ್‌ರ್ ಅಂತ ಮುಂದಕ್ಕ ಓಡೋದು. ಈ ಮೂರರಾಗ ಒಂದು ಕಂಡ್ರೂ ಚರ್ಚೆ ಬ್ಯಾಡ, ಗೈಡ್ ಏನೇ ಅನ್ಲಿ, 30 ಡಿಗ್ರಿ ಮ್ಯಾಲಿಂದು ಮುಟ್ಟಬ್ಯಾಡ್ರಿ, ಅದರ ಬುಡದಾಗೂ ನಿಂದ್ರಬ್ಯಾಡ್ರಿ.

ಗಾಳಿ ಬಗ್ಗೆ ಬ್ಯಾರೆ ಹೇಳ್ಬೇಕು. ಗಾಳಿ ಒಂದು ಕಡಿ ಇಳಿಜಾರಿನ ಹಿಮ ಎತ್ತಿ ಬೆಟ್ಟದ ಏಣಿನ ಆಚಿಗೆ ಸುರೀತೈತಿ, ಆಕಾಶದಿಂದ ಒಂದು ತುಣುಕೂ ಬೀಳದಿದ್ರೂ ಆ ಕಡಿ ಹಿಮ ಏರ್ಕೊಂತ ಹೊಕ್ಕೈತಿ, ಬೀಳೋ ಹಿಮಕ್ಕಿಂತ ಎಷ್ಟೋ ಪಟ್ಟು ಜೋರಾಗಿ. ಏಣಿನ ಮ್ಯಾಲಿಂದ ಹಿಮದ ಧೂಳು ಹಾರೋದು ಕಂಡ್ರ, ಅದು ಯಾವ ಕಡಿ ಹಾರ್ತೈತೋ ಆ ಕಡಿ ಇಳಿಜಾರು ಅಪಾಯದ್ದು. ಅಲ್ಲಿ ಹಿಮ ನುಣ್ಣಗ, ದುಂಡಗ, ತುಂಬಿದಂಗ ಕಾಣ್ತೈತಿ, ಕಾಲಿಟ್ರ ಡೊಳ್ಳಿನಂಗ ಪೊಳ್ಳು ಸದ್ದು. ಏಣಿನ ತುದಿಗೆ ಹಿಮ ಛಜ್ಜಾ ಕಟ್ಟಿ ಗಾಳಿಯಾಗ ಮುಂದ ಚಾಚಿರ್ತೈತಿ, ಅದಕ್ಕ ಕಾರ್ನಿಸ್ ಅಂತಾರ. ಶಿಖರದ ಮ್ಯಾಲೆ ಫೋಟೋಕ್ಕ ಅಂಚಿಗೆ ಹೋಗೋರು ಅದರ ಮ್ಯಾಲೆ ನಿಂತಿರ್ತಾರ, ಕೆಳಗ ನೆಲ ಇರಂಗಿಲ್ಲ. ಮುರಿಯೋ ಗೆರಿ ನಾವು ಅಂದ್ಕೊಂಡಿದ್ದಕ್ಕಿಂತ ಬಾಳ ಹಿಂದ ಇರ್ತೈತಿ, ಅದಕ್ಕ ಅಂಚಿನಿಂದ ಹಲವು ಮಾರು ಹಿಂದ ಇರ್ರಿ.

ಬಿಸಿಲು ಇನ್ನೊಂದು. ವಸಂತದಾಗ, ಏಪ್ರಿಲ್ ಮೇನ್ಯಾಗ, ರಾತ್ರಿ ಹೆಪ್ಪುಗಟ್ಟಿದ ಹಿಮ ಮಧ್ಯಾಹ್ನಕ್ಕ ನೀರು ಕುಡಿದು ಭಾರ ಆಗಿ ಇಳೀತೈತಿ. ಪೂರ್ವಕ್ಕ ಮುಖ ಮಾಡಿದ ಇಳಿಜಾರು ಮೊದ್ಲು ಕಾಯ್ತೈತಿ, ಆಮ್ಯಾಲ ದಕ್ಷಿಣ, ಆಮ್ಯಾಲ ಪಶ್ಚಿಮ. ಗೈಡ್‌ಗಳು ರಾತ್ರಿ ಎರಡು ಮೂರು ಗಂಟೆಗೆ ಎಬ್ಬಿಸಿ ಹೊರಡಿಸೋದು ಇದಕ್ಕನ, ಸೂರ್ಯೋದಯದ ಫೋಟೋಕ್ಕಷ್ಟೇ ಅಲ್ಲ. ಕಾಲು ಮೊಣಕಾಲಿನ ತನಕ ಹೂಳಾಕ ಹತ್ತಿದ್ರ, ಇಳಿಜಾರಿನ ಮ್ಯಾಲಿಂದ ಸಣ್ಣ ಸಣ್ಣ ಹಿಮದ ಉಂಡಿ ತಾವೇ ಉರುಳಾಕ ಹತ್ತಿದ್ರ ತಡ ಆಗೈತಿ ಅಂತ ಅರ್ಥ. ಹಿಮದ ಮ್ಯಾಲೆ ಮಳಿ ಬಿದ್ರ ಇನ್ನೂ ಕೆಟ್ಟದ್ದು. ಇದಕ್ಕ ಎದುರು, ಚಳಿಗಾಲದಾಗ ಉತ್ತರಕ್ಕ ಮುಖ ಮಾಡಿದ ನೆರಳಿನ ಇಳಿಜಾರು ಬಾಳ ದಿನ ಆ ಸಡ್ಲ ಪದರನ ಒಳಗೇ ಇಟ್ಕೊಂಡಿರ್ತೈತಿ.

ಹಿಂದೆ ಯಾರೋ ನಡೆದ ಹೆಜ್ಜಿ ಕಂಡ್ರ ಧೈರ್ಯ ಬರ್ತೈತಿ. ಬರಬಾರದು. ಹತ್ತು ಮಂದಿ ದಾಟಿದ ಮ್ಯಾಲ ಹನ್ನೊಂದನೇಯವ್ರ ಕಾಲಿಗೆ ಜಾರಿದ್ದು ಐತಿ, ಪದರ ತೆಳ್ಳಗಿರೋ ಆ ಒಂದು ಜಾಗಕ್ಕ ಯಾರ ಕಾಲು ಬೀಳ್ತೈತಿ ಅನ್ನೋದಷ್ಟೇ.

ದಾಟಲೇಬೇಕು ಅಂದ್ರ

ಬ್ಯಾರೆ ದಾರಿ ಇಲ್ಲ, ಗೈಡ್ ನೋಡಿ ಹೂಂ ಅಂದಾರ ಅಂದ್ರೂ ಒಬ್ಬೊಬ್ರೇ ದಾಟ್ರಿ. ಒಬ್ರು ಆಚಿ ಸೇಫ್ ಜಾಗ ಮುಟ್ಟೋ ತನಕ ಇನ್ನೊಬ್ರು ಹೊರಡಬಾರದು, ಉಳಿದೋರೆಲ್ಲ ಕಣ್ಣು ತೆಗೀದೆ ಅವ್ರನ್ನೇ ನೋಡ್ಬೇಕು. ಬ್ಯಾಗಿನ ಸೊಂಟದ ಪಟ್ಟಿ ಬಿಚ್ರಿ, ಕೋಲಿನ ಪಟ್ಟಿಯಿಂದ ಕೈ ಹೊರಗ ತೆಗೀರಿ, ಜಾಕೆಟ್ ಚೈನ್ ಮ್ಯಾಲಿನ ತನಕ ಏರಿಸ್ರಿ. ನಡುವ ನಿಂತು ಫೋಟೋ ಬ್ಯಾಡ, ರೀಲ್ಸ್ ಬ್ಯಾಡ, ನೀರು ಕುಡಿಯೋದೂ ಬ್ಯಾಡ. ಕೆಳಗ ಏನೈತಿ ಅಂತ ನೋಡ್ರಿ. ಸಣ್ಣ ಕುಸಿತ ಆದ್ರೂ ಕೆಳಗ ಹಳ್ಳ ಇದ್ರ ಹಿಮ ಅಲ್ಲಿ ಆಳಕ್ಕ ತುಂಬ್ಕೋತೈತಿ, ಬಂಡಿ, ಗಿಡ, ಪ್ರಪಾತ ಇದ್ರ ಹೊಡ್ತಕ್ಕೇ ಜೀವ ಹೊಕ್ಕೈತಿ.

ಯಾತ್ರೆಗೆ ಹೋಗೋ ಹಿರೇರಿಗೆ ಇದರಾಗ ಒಂದೇ ಮಾತು ಸಾಕು. ಕೇದಾರನಾಥ, ಹೇಮಕುಂಡ ದಾರಿಯಾಗ ಸೀಜನ್ ಶುರುವಿನ್ಯಾಗ ಹಿಮ ಕಡಿದು ದಾರಿ ಮಾಡಿರ್ತಾರ, ಎರಡೂ ಕಡಿ ಹಿಮದ ಗೋಡಿ, ಅದರ ನಡುವ ನಿಂದ್ರದೆ ಸುಮ್ಮನ ನಡೀರಿ, ಪೊಲೀಸ್ನೋರು, ಎಸ್‌ಡಿಆರ್‌ಎಫ್ (ರಾಜ್ಯದ ವಿಪತ್ತು ರಕ್ಷಣಾ ಪಡಿ)ನೋರು ನಿಲ್ರಿ ಅಂದ್ರ ನಿಲ್ರಿ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಾಗ 7 ಪ್ರವಾಸಿಗರು ಹಿಮದಡಿ ಸಿಕ್ಕು ಹೋದ್ರು, ಹೋಗಾಕ ಪರವಾನಗಿ ಇದ್ದದ್ದು 13ನೇ ಮೈಲಿ ತನಕ, ಮಂದಿ ಅದಕ್ಕೂ ಮುಂದ ಹೋಗಿದ್ರು. ಗಾಡಿಯಿಂದ ಇಳಿದು ಹಿಮದಾಗ ಆಡಾಕ ಹೋದ ಸಾಮಾನ್ಯ ಮಂದಿ ಅವ್ರು.

ಸಾಮಾನು, ಮತ್ತ ಹೊಳಿ ಉಸುಕಿನ್ಯಾಗ ಅಭ್ಯಾಸ

ಕಡಿದಾದ ಹಿಮದ ಜಾಗಕ್ಕ ಹೋಗೋರ ಹತ್ರ ಮೂರು ಸಾಮಾನು ಇರ್ಬೇಕು, ಒಬ್ಬೊಬ್ರ ಹತ್ರಾನೂ. ಒಂದು ಬೀಕನ್, ಅಂದ್ರ ಮೈಗೆ ಕಟ್ಕೊಳ್ಳೋ ರೇಡಿಯೋ, 457 ಕಿಲೋಹರ್ಟ್ಸ್‌ನ್ಯಾಗ ಸಿಗ್ನಲ್ ಕೊಡ್ತೈತಿ, ಸರ್ಚ್‌ಗೆ ಹಾಕಿದ್ರ ಬ್ಯಾರೇರ ಸಿಗ್ನಲ್ ಹಿಡೀತೈತಿ. ಎರಡನೇದು ಪ್ರೋಬ್, ಮಡಚೋ ಉದ್ದ ಸರಳು, ಎರಡೂವರಿ ಮೀಟರ್‌ಗಿಂತ ಉದ್ದ ಇದ್ರ ಚಲೋ. ಮೂರನೇದು ಸಲಿಕಿ, ಪ್ಲಾಸ್ಟಿಕ್ ಅಲ್ಲ, ಅಲ್ಯೂಮಿನಿಯಂದು, ಕುಸಿದು ನಿಂತ ಹಿಮ ಕೈಯಿಂದ ತೋಡಾಕ ಬರಂಗಿಲ್ಲ, ಅಷ್ಟು ಬಿಗಿ ಆಗಿರ್ತೈತಿ. ಮೂರರಾಗ ಒಂದಿಲ್ಲ ಅಂದ್ರ ಉಳಿದ ಎರಡಕ್ಕೂ ಅರ್ಥ ಇಲ್ಲ. ನಮ್ಮ ದೇಶದ ಬಾಳಷ್ಟು ಟ್ರೆಕ್ ಗ್ರೂಪ್‌ನ್ಯಾಗ ಇವನ್ನ ಕೊಡಂಗಿಲ್ಲ, ಕೊಳ್ಳಾಕ ಹೋದ್ರ ಹತ್ತಾರು ಸಾವಿರ. ಅದಕ್ಕ ನನ್ನ ಅಭಿಪ್ರಾಯ ನೇರ ಐತಿ: ಈ ಮೂರು ಇಲ್ಲದ ಗುಂಪು 30 ಡಿಗ್ರಿ ದಾಟಿದ ಹಿಮದ ಇಳಿಜಾರಿಗೆ ಹೋಗಲೇಬಾರದು. ಗುಲ್ಮಾರ್ಗ್‌ನ ಗೊಂಡೋಲಾ (ರೋಪ್‌ವೇ) ಹತ್ತಿ ಅಫರ್ವತ್ ಗುಡ್ಡದ ಮ್ಯಾಲಿಂದ ಕಾವಲು ಇರೋ ಜಾಗ ಬಿಟ್ಟು ಹೊರಗ ಸ್ಕೀ ಮಾಡೋರಿಗಂತೂ ಇದು ಬಿಲ್ಕುಲ್ ಕಡ್ಡಾಯ, ಅಲ್ಲಿ 2024ರ ಫೆಬ್ರವರಿಯಾಗ ರಷ್ಯಾದ ಸ್ಕೀಯರ್ ಒಬ್ರು ಹಿಂಗೇ ತೀರ್ಕೊಂಡ್ರು.

ಈ ಸಾಮಾನು ಇದ್ದೋರು ಅಭ್ಯಾಸ ಇಲ್ಲೇ ಮಾಡ್ಬಹುದು, ಹಿಮ ಬೇಕಾಗಿಲ್ಲ. ಬ್ಯಾಸಿಗಿಯಾಗ ತುಂಗಭದ್ರಾ ಹೊಳಿ ಇಳಿದಾಗ ಆನೆಗೊಂದಿ ಕಡಿ ಉಸುಕಿನ್ಯಾಗ, ಇಲ್ಲಾಂದ್ರ ರಾಶಿ ಆದ ಹೊಲದಾಗ ಒಂದು ಬೀಕನ್ ಆನ್ ಮಾಡಿ ದಪ್ಪ ಚೀಲದಾಗ ಸುತ್ತಿ ಮೊಣಕೈ ಆಳಕ್ಕ ಹೂಳ್ರಿ, ಇನ್ನೊಬ್ರು ಬೆನ್ನು ಮಾಡಿ ನಿಂದ್ರಲಿ. ಮೂವತ್ತು ನಲವತ್ತು ಮೀಟರ್ ದೂರದಿಂದ ಹುಡುಕಾಕ ಶುರು ಮಾಡ್ರಿ, ಒಬ್ರು ಟೈಮ್ ಹಿಡೀರಿ. ಯಂತ್ರದ ಮ್ಯಾಲಿನ ಬಾಣ ನಿಮ್ಮನ್ನ ಸೀದಾ ಕರ್ಕೊಂಡು ಹೋಗಂಗಿಲ್ಲ, ಬಾಗಿದ ದಾರಿಯಾಗ ಸುತ್ತಿಸ್ತೈತಿ, ಮೊದ್ಲ ಸಲ ಎಲ್ಲರೂ ಯಂತ್ರ ಕೆಟ್ಟೈತಿ ಅಂತಾರ. ಕೆಟ್ಟಿಲ್ಲ, ಸಿಗ್ನಲ್ ಹರಡೋದೇ ಹಂಗ. ಯಂತ್ರ ತೋರಿಸೋ ದೂರದ ನಂಬರ್ ಮೂರು ಮೀಟರ್‌ಗಿಂತ ಕೆಳಗ ಬಂದ ಮ್ಯಾಲ ಯಂತ್ರನ ನೆಲಕ್ಕ ಹತ್ತಿಸಿ ನಿಧಾನ ಹೋಗ್ರಿ, ಮುಂದ ಹಿಂದ, ಎಡ ಬಲ, ಎಲ್ಲಿ ನಂಬರ್ ಬಾಳ ಕಡಿಮಿ ಅಲ್ಲಿ ಗುರುತು. ಅಲ್ಲಿಂದ ಗೇಣು ಗೇಣು ಅಂತರದಾಗ ಸುತ್ತಾಕಾರಕ್ಕ ಪ್ರೋಬ್ ಚುಚ್ಕೊಂತ ಹೋಗ್ರಿ. ಚೀಲಕ್ಕ ತಾಗಿದ ಮೆತ್ತನ ತಾಕು, ಕಲ್ಲಿಗೆ ತಾಗಿದ ತಾಕು ಬ್ಯಾರೆ ಬ್ಯಾರೆ, ಆ ಫರಕು ಕೈಗೆ ಗೊತ್ತಾಗೋ ತನಕ ಮಾಡ್ರಿ. ಮೊಬೈಲ್ ಬೀಕನ್‌ಗೆ ಅಡ್ಡ ಆಕ್ಕೈತಿ, ಬೀಕನ್ ಹಾಕ್ಕೊಂಡು ನಡಿಯೋವಾಗ ಒಂದು ಗೇಣು ದೂರ, ಹುಡುಕೋವಾಗ ಅರ್ಧ ಮೀಟರ್ ದೂರ, ಆಫ್ ಮಾಡಿದ್ರ ಇನ್ನೂ ಚಲೋ.

ಆಗಬಾರದ್ದು ಆದ್ರ

ಹಿಮ ಜಾರಾಕ ಹತ್ತಿದ್ರ ಮೊದ್ಲು ಕೂಗ್ರಿ, ಉಳಿದೋರು ನಿಮ್ಮನ್ನ ನೋಡ್ಲಿ ಅಂತ. ಬದಿಗೆ ತಪ್ಪಿಸ್ಕೊಳ್ಳಾಕ ಆದ್ರ ತಪ್ಪಿಸ್ಕೊಳ್ರಿ, ಕೋಲು ಬಿಸಾಕ್ರಿ, ಹಿಮದ ಮ್ಯಾಲೆ ಉಳಿಯಾಕ ಕೈಕಾಲು ಬಡೀರಿ. ವೇಗ ಕಡಿಮಿ ಆಗಾಕ ಹತ್ತಿದ ಕೂಡ್ಲೇ ಒಂದು ಕೈ ಮುಖದ ಮುಂದ ಅಡ್ಡ ತಂದು ಉಸಿರಾಟಕ್ಕ ಜಾಗ ಮಾಡ್ರಿ, ಇನ್ನೊಂದು ಮ್ಯಾಲಕ್ಕ ಚಾಚ್ರಿ. ಹಿಮ ನಿಂತ ಮ್ಯಾಲ ಬೆರಳೂ ಅಲ್ಲಾಡಂಗಿಲ್ಲ, ಹಿಂಗಾಗಿ ಇದು ನಿಲ್ಲೋಕ್ಕಿಂತ ಮೊದ್ಲೇ ಆಗ್ಬೇಕು.

ಹೊರಗ ಉಳಿದೋರ ಮ್ಯಾಲ ಈಗ ಎಲ್ಲಾ ನಿಂತೈತಿ. ಹೂತೋರನ್ನ ಮೊದಲ ಹತ್ತು ಹದಿನೈದು ನಿಮಿಷದಾಗ ಹೊರಗ ತೆಗೆದ್ರ ಹತ್ರಾಗ ಒಂಬತ್ತು ಮಂದಿ ಬದುಕ್ತಾರ, ಅರ್ಧ ತಾಸು ದಾಟಿದ್ರ ಮೂರರಾಗ ಒಬ್ರು ಉಳಿದ್ರ ಹೆಚ್ಚು, ಉಸಿರುಗಟ್ಟಿ ಹೋಗ್ತಾರ. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವ್ರು 2016ರ ಫೆಬ್ರವರಿಯಾಗ ಸಿಯಾಚಿನ್‌ನ್ಯಾಗ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಾಗ ಇಡೀ ಉತ್ತರ ಕರ್ನಾಟಕ ದೇವರಿಗೆ ಕೈ ಮುಗೀತು, ಫೆಬ್ರವರಿ 11ಕ್ಕ ಅವ್ರು ನಮ್ಮನ್ನ ಬಿಟ್ಟು ಹೋದ್ರು. ಅವ್ರ ಜೋಡಿ ಇದ್ದ ಒಂಬತ್ತು ಮಂದಿ ಉಳಿಲಿಲ್ಲ. ಅಂಥದ್ದು ಆಗೋದು ಬಾಳ ಬಾಳ ಅಪರೂಪ, ಅದನ್ನ ನೆನೆಸಿ "ಟೈಮ್ ಐತಿ" ಅಂತ ಯಾರೂ ಅನ್ಕೋಬಾರದು.

ಅದಕ್ಕ ಸಹಾಯ ತರಾಕ ಓಡಿ ಹೋಗಬ್ಯಾಡ್ರಿ, ನೀವೇ ಸಹಾಯ. ಇನ್ನೊಂದು ಕುಸಿತ ಬರ್ತೈತೇನು ಅಂತ ಮ್ಯಾಲೆ ಒಂದ್ಸಲ ನೋಡಿ, ಕೊನಿಗೆ ಅವ್ರು ಕಂಡ ಜಾಗ ಗುರುತು ಹಾಕಿ ಅಲ್ಲಿಂದ ಕೆಳಗ ಹುಡುಕ್ರಿ. ಎಲ್ಲರೂ ಬೀಕನ್ ಸರ್ಚ್‌ಗೆ ಹಾಕ್ರಿ, ಒಬ್ರು ಮರೆತು ಹಂಗೇ ಬಿಟ್ರೂ ಅವ್ರ ಸಿಗ್ನಲ್ಲೇ ಹಿಡ್ಕೊಂಡು ಸುತ್ತಬೇಕಾಗ್ತೈತಿ. ಕೈಗವಸು, ಟೋಪಿಗಿ, ಬ್ಯಾಗು ಮ್ಯಾಲೆ ಕಂಡ್ರ ಎಳೆದು ನೋಡ್ರಿ. ಪ್ರೋಬ್ ತಾಗಿದ್ರ ಅದನ್ನ ಹೊರಗ ತೆಗೀಬ್ಯಾಡ್ರಿ, ಅಲ್ಲೇ ಇರಲಿ, ಅದರ ನೇರಕ್ಕ ಮ್ಯಾಲಿಂದ ತೋಡದೆ ಇಳಿಜಾರಿನ ಕೆಳಗಿನ ಕಡಿಯಿಂದ ಒಳಗ ತೋಡ್ಕೊಂತ ಹೋಗ್ರಿ. ಒಂದು ಮೀಟರ್ ಆಳದಾಗ ಇದ್ರೂ ಒಂದು ಟನ್ ಹಿಮ ತೆಗೀಬೇಕಾಗ್ತೈತಿ, ಅದಕ್ಕ ಮುಂದಿನೋರು ಕಡೀಬೇಕು, ಹಿಂದಿನೋರು ಹಿಮ ಸರಿಸ್ಬೇಕು, ನಿಮಿಷಕ್ಕೊಮ್ಮೆ ಜಾಗ ಬದಲಿ. ಮುಖ ಸಿಕ್ಕ ಕೂಡ್ಲೇ ಬಾಯಿ ಮೂಗಿನ ಹಿಮ ತೆಗೀರಿ, ಎದಿ ಮ್ಯಾಲಿನ ಭಾರ ಸರಿಸ್ರಿ, ಉಸಿರಿಲ್ಲಾಂದ್ರ ಐದು ಸಲ ಬಾಯಿಂದ ಉಸಿರು ಕೊಟ್ಟು ಸಿಪಿಆರ್ ಶುರು ಮಾಡ್ರಿ. ಉಸಿರಿದ್ರ ಮೈ ಮಲಗಿದಂಗೇ ಇರಲಿ, ಎಬ್ಬಿಸಿ ನಡೆಸಬ್ಯಾಡ್ರಿ, ಕೈಕಾಲು ತಿಕ್ಕಬ್ಯಾಡ್ರಿ, ಒದ್ದಿ ಬಟ್ಟಿ ಬದಲಿಸಿ ಸ್ಲೀಪಿಂಗ್ ಬ್ಯಾಗ್‌ನ್ಯಾಗ ಹಾಕ್ರಿ.

ಸಿಗ್ನಲ್ ಇದ್ರ 112ಕ್ಕ ಹಚ್ರಿ, ಜಾಗ ಹೇಳಾಕ ಫೋನಿನ ಅಕ್ಷಾಂಶ ರೇಖಾಂಶ ಓದ್ರಿ. ಗುಂಪು ದೊಡ್ಡದಿದ್ರ ಮಾತ್ರ ಇಬ್ಬರನ್ನ ಕೆಳಗ ಕಳಿಸ್ರಿ, ಉಳಿದೋರು ತೋಡ್ಬೇಕು. ಹೊರದೇಶದೋರ ವಿಡಿಯೋ ನೋಡಿ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ತರಿಸ್ಕೊಳ್ಳಾಕ ಹೋಗಬ್ಯಾಡ್ರಿ, ನಮ್ಮ ದೇಶದಾಗ ದೂರಸಂಪರ್ಕ ಇಲಾಖೆ ಅನುಮತಿ ಇಲ್ಲದೆ ಇಟ್ಕೊಂಡ್ರ ಕೇಸ್ ಆಕ್ಕೈತಿ, ಏರ್‌ಪೋರ್ಟ್‌ನ್ಯಾಗೇ ಹಿಡೀತಾರ. ಅದರ ಬದ್ಲಿ ಹೊರಡೋ ಮುಂಚೆ ಮನಿಯಾಗ ದಾರಿ, ಕ್ಯಾಂಪ್ ಹೆಸರು, ವಾಪಸ್ ಬರೋ ತಾರೀಖು, ಗೈಡ್ ನಂಬರ್, ಹತ್ತಿರದ ಪೊಲೀಸ್ ಠಾಣೆ ಬರೆದಿಟ್ಟು ಹೋಗ್ರಿ.

ಇನ್ನೂ ಮುಂದ ಹೋಗೋ ಆಸೆ ಇರೋ ಹುಡುಗ ಹುಡುಗಿಯರಿಗೆ ಒಂದು ಮಾತು: ದೊಡ್ಡ ಶಿಖರದ ಪ್ಯಾಕೇಜ್ ತಗೊಳ್ಳೋಕ್ಕಿಂತ ಮೊದ್ಲು ನಾನು ಮ್ಯಾಲೆ ಹೇಳಿದ ಸಂಸ್ಥೆಗಳ ಬೇಸಿಕ್ ಕೋರ್ಸ್ ಮಾಡ್ರಿ, ಸುಮಾರು ನಾಲ್ಕು ವಾರದ್ದು, ಹಿಮ, ಬರ್ಫು, ಬಂಡಿ ಮೂರೂ ಕಲಿಸ್ತಾರ. ಸೀಟು ತಿಂಗಳುಗಟ್ಟಲೆ ಮುಂಚೆ ತುಂಬ್ತಾವ. ಕೋರ್ಸ್ ಮಾಡಿದ್ರ ಏನೂ ಆಗಲ್ಲ ಅಂತ ನಾನು ಹೇಳಂಗಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದ ಹತ್ರ ನೆಹರೂ ಸಂಸ್ಥೆಯದೇ ತಂಡ ಹಿಮಕುಸಿತಕ್ಕ ಸಿಕ್ಕು 29 ಮಂದಿ ಹೋದ್ರು, ಕಲಿಯೋರೂ ಇದ್ರು, ಕಲಿಸೋರೂ ಇದ್ರು. ಅದಕ್ಕ ಅರ್ಜಿ ಹಾಕೋವಾಗ ಹಿಮಕುಸಿತದ ತರಬೇತಿ ಎಷ್ಟು ದಿನ, ಬೀಕನ್ ಹುಡುಕೋದು ಕೈಯಾರೆ ಮಾಡಸ್ತಾರೋ ಇಲ್ಲೋ ಅಂತ ಅಲ್ಲೂ ಕೇಳ್ರಿ.